ಕುಂಟುವ ದನಗಳಿಲ್ಲ ಎಂದು ನಾನೇ ಬರೆದುಕೊಟ್ಟಿದ್ದೆ: ಸ್ವಯಂ ಮೌಲ್ಯಮಾಪನವನ್ನು ಪ್ರಾಮಾಣಿಕವಾಗಿ ಮಾಡುವುದು ಹೇಗೆ?

ಪ್ರಶ್ನೆ (ಶಿರೂರು ತಾಲ್ಲೂಕು, ಪುಣೆ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನನ್ನ ಊರು ವಿಜಯಪುರ ಜಿಲ್ಲೆಯ ಇಂಡಿಯ ಹತ್ತಿರ. ಒಂಬತ್ತು ವರ್ಷಗಳಿಂದ ಪುಣೆ ಜಿಲ್ಲೆಯ ಶಿರೂರು ತಾಲ್ಲೂಕಿನಲ್ಲಿ, ಮಾವನವರ ಹೊಲದಲ್ಲಿ, ಹೈನುಗಾರಿಕೆ ನಡೆಸುತ್ತಿದ್ದೇನೆ. ನಮ್ಮಲ್ಲಿ ಈಗ 46 ಎಚ್.ಎಫ್. (ಹೋಲ್‌ಸ್ಟೈನ್ ಫ್ರೀಸಿಯನ್) ಮಿಶ್ರತಳಿ ಹಸುಗಳು, 7 ಎಮ್ಮೆಗಳು, ಇವಲ್ಲದೆ ಕರುಗಳು ಮತ್ತು ಪಡ್ಡೆಗಳು ಇವೆ. ನಾಲ್ಕು ವರ್ಷದ ಹಿಂದೆ ಕಟ್ಟಿಹಾಕುವುದನ್ನು ಬಿಟ್ಟು, ಈ ಭಾಗದವರು ‘ಮುಕ್ತ ಗೋಠಾ’ ಎನ್ನುವ ಪದ್ಧತಿಗೆ ಬಂದೆವು. ಹಾಲು ಹಿಂಡುವ ಹೊತ್ತಿಗೆ ಮಾತ್ರ ಹಸುಗಳು ಸಾಲಾಗಿ ಒಳಗೆ ಬರುತ್ತವೆ.

ನಮ್ಮ ಹಾಲು ಕೊಳ್ಳುವವರು ಕಳೆದ ವರ್ಷದಿಂದ ಮೂರು ತಿಂಗಳಿಗೊಮ್ಮೆ ಪ್ರಾಣಿಗಳ ಯೋಗಕ್ಷೇಮದ ಬಗ್ಗೆ ನಾವೇ ಒಂದು ಪತ್ರವನ್ನು ತುಂಬಿ ಕೊಡಬೇಕೆಂದು ಹೇಳಿದ್ದಾರೆ. ನೆರಳು ಇದೆಯೇ, ನೀರಿನ ತೊಟ್ಟಿ ಇದೆಯೇ, ಲಸಿಕೆ ಆಗಿದೆಯೇ, ಕಿವಿಗೆ ಬಿಲ್ಲೆ ಹಾಕಿದೆಯೇ, ಕುಂಟುವ ದನಗಳಿವೆಯೇ ಎಂಬಂಥ ನಲವತ್ತು ಪ್ರಶ್ನೆಗಳಿಗೆ ‘ಹೌದು’ ಅಥವಾ ‘ಇಲ್ಲ’ ಎಂದು ಗುರುತು ಹಾಕಬೇಕು. ಜನವರಿಯಲ್ಲಿ ನಾನು ಅದನ್ನು ಅರ್ಧ ಗಂಟೆಯಲ್ಲಿ ತುಂಬಿದೆ. ಕುಂಟುವ ದನಗಳಿವೆಯೇ ಎಂಬಲ್ಲಿ ‘ಇಲ್ಲ’ ಎಂದು ಬರೆದೆ. ಸುಳ್ಳು ಬರೆಯುವ ಉದ್ದೇಶ ನನಗಿರಲಿಲ್ಲ. ನಾನು ನಿಜವಾಗಿಯೂ ಹಾಗೆಯೇ ನಂಬಿದ್ದೆ. ಹನ್ನೆರಡು ದಿನಗಳ ನಂತರ ಮೂರನೆಯ ಸೂಲಿನ ಒಂದು ಹಸು ಮಲಗಿದ್ದು ಏಳಲಿಲ್ಲ. ವೈದ್ಯರು ಬಂದು ಹಿಂಗಾಲಿನ ಗೊರಸನ್ನು ಕೆತ್ತಿ ನೋಡಿದಾಗ ಅಡಿಯಲ್ಲಿ ಆಳವಾದ ಹುಣ್ಣಿತ್ತು. ಅದು ಒಂದೆರಡು ವಾರದ ಹುಣ್ಣಲ್ಲ, ತಿಂಗಳುಗಳಿಂದ ಬೆಳೆದದ್ದು ಎಂದು ಅವರು ಹೇಳಿದರು. ದಿನಕ್ಕೆರಡು ಸಲ ನನ್ನ ಕಣ್ಣೆದುರಿಗೇ ನಡೆದುಹೋಗುತ್ತಿದ್ದ ಹಸು ಅದು. ಆ ನೋವನ್ನು ನಾನು ನೋಡಿಯೂ ನೋಡಲಿಲ್ಲ ಎಂಬುದು ಮನಸ್ಸಿನಿಂದ ಹೋಗುತ್ತಿಲ್ಲ.

ತಿಳಿದವರಲ್ಲಿ ನಾನು ಕೇಳುವುದಿಷ್ಟು. ಕೊಟ್ಟಿಗೆಯ ಒಡೆಯನೇ ತನ್ನ ಕೊಟ್ಟಿಗೆಯನ್ನು ಪರೀಕ್ಷಿಸಿಕೊಳ್ಳುವುದರಲ್ಲಿ ಏನಾದರೂ ಅರ್ಥವಿದೆಯೇ? ಇದ್ದರೆ ಏನನ್ನು ನೋಡಬೇಕು, ಎಷ್ಟು ದಿನಕ್ಕೊಮ್ಮೆ ನೋಡಬೇಕು, ಪತ್ರವನ್ನು ಯಾರು ತುಂಬಬೇಕು? ಹಾಲು ಹಿಂಡುವ ನಾಲ್ವರು ಆಳಂದದ ಕಡೆಯಿಂದ ಬಂದವರು. ದನಗಳನ್ನು ನನಗಿಂತ ಹತ್ತಿರದಿಂದ ಬಲ್ಲವರು. ಆದರೆ ಏನಾದರೂ ತಪ್ಪು ಕಂಡರೆ ಅದು ತಮ್ಮ ಮೇಲೆ ಬರುತ್ತದೆ ಎಂಬ ಹೆದರಿಕೆ ಅವರಿಗಿದೆ ಎಂದು ಅನ್ನಿಸುತ್ತದೆ.


ಉತ್ತರ 1 (ಗೋರೆಗಾಂವ್, ಮುಂಬಯಿ, ನಿವೃತ್ತ ಪಶುವೈದ್ಯ)

ಶಿರೂರಿನ ಮಿತ್ರರಿಗೆ ನಮಸ್ಕಾರ. ನಿಮಗಾದದ್ದು ನಿಮ್ಮೊಬ್ಬರಿಗೇ ಆದದ್ದಲ್ಲ. ಇಂಗ್ಲೆಂಡಿನ 53 ಹೈನು ಫಾರ್ಮುಗಳಲ್ಲಿ ನಡೆದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನಿಮ್ಮ ಹಸುಗಳಲ್ಲಿ ಎಷ್ಟು ಕುಂಟುತ್ತಿವೆ ಎಂದು ಮೊದಲು ಒಡೆಯರನ್ನು ಕೇಳಿ, ಅನಂತರ ತರಬೇತಿ ಪಡೆದವರು ಅದೇ ಹಸುಗಳನ್ನು ನಡೆಸಿ ನೋಡಿದರು. ಒಡೆಯರ ಅಂದಾಜು ಸರಾಸರಿ ಶೇ 6ಕ್ಕಿಂತ ಕಡಿಮೆಯಿತ್ತು. ಪರೀಕ್ಷಕರಿಗೆ ಸಿಕ್ಕಿದ್ದು ಶೇ 22. ಅವರು ಅಸಡ್ಡೆಯ ಜನರಾಗಿದ್ದರು ಎಂದು ನಾನು ಭಾವಿಸುವುದಿಲ್ಲ. ನಿಧಾನವಾಗಿ ಹದಗೆಡುವುದನ್ನು ದಿನವೂ ನೋಡುವ ಕಣ್ಣು ಅದನ್ನೇ ಸಹಜವೆಂದು ಒಪ್ಪಿಕೊಂಡುಬಿಡುತ್ತದೆ. ಕಾಲು ಎಳೆಯುವ ಹಸುವನ್ನು ‘ಅದರ ನಡಿಗೆಯೇ ಹಾಗೆ’ ಎಂದು ಹೇಳಿದವರನ್ನು ನಾನು ಎಷ್ಟೋ ಜನರನ್ನು ಕಂಡಿದ್ದೇನೆ.

ನಿಮ್ಮ ಪತ್ರದ ದೊಡ್ಡ ದೋಷವೆಂದರೆ, ಅದರ ಬಹುಪಾಲು ಪ್ರಶ್ನೆಗಳು ದನದ ಬಗ್ಗೆ ಇಲ್ಲ, ದನದ ಸುತ್ತಲಿನ ವಸ್ತುಗಳ ಬಗ್ಗೆ ಇವೆ. ತೊಟ್ಟಿ ಇದೆಯೇ ಎಂಬುದಕ್ಕೆ ‘ಹೌದು’ ಎನ್ನುವುದು ಸುಲಭ. ಆದರೆ ಅದರಲ್ಲಿ ಪಾಚಿ ಕಟ್ಟಿರಬಹುದು, ಅಥವಾ ಜೋರಿನ ಹಸುಗಳು ತೊಟ್ಟಿಯ ಮುಂದೆ ನಿಂತು ಸೌಮ್ಯ ಹಸುಗಳಿಗೆ ದಾರಿ ಬಿಡದಿರಬಹುದು. ಇದನ್ನು ನಾನು ಕಲಿತದ್ದು ಆರೆ ಹಾಲು ಕಾಲೊನಿಯಲ್ಲಿ. ಮುಂಬಯಿ ನಗರದ ಒಳಗಿದ್ದ ಎಮ್ಮೆಗಳನ್ನು ಹೊರಗೆ ಸಾಗಿಸುವುದಕ್ಕಾಗಿ 1949ರಲ್ಲಿ ಅದು ಆರಂಭವಾದಾಗ ಕೊಟ್ಟಿಗೆಗಳನ್ನು ಘಟಕ ಘಟಕವಾಗಿ ಕಟ್ಟಿದರು. ನಾನು ಹೋಗುತ್ತಿದ್ದ ಕಾಲದಲ್ಲಿ ಅಕ್ಕಪಕ್ಕದ ಎರಡು ಕೊಟ್ಟಿಗೆಗಳಲ್ಲಿ ಗೋಡೆ, ಗೋದಲಿ, ಚರಂಡಿ ಎಲ್ಲವೂ ಒಂದೇ ತರಹ ಇದ್ದರೂ, ಒಂದರಲ್ಲಿ ಎಮ್ಮೆಗಳು ನೆಮ್ಮದಿಯಾಗಿ ಮೆಲುಕು ಹಾಕುತ್ತಿದ್ದವು, ಇನ್ನೊಂದರಲ್ಲಿ ಮೊಣಕಾಲು ಊದಿಕೊಂಡು ನಿಂತಿರುತ್ತಿದ್ದವು. ಪತ್ರ ತುಂಬಿಸಿದ್ದರೆ ಎರಡಕ್ಕೂ ಒಂದೇ ಅಂಕ ಬರುತ್ತಿತ್ತು.

ಆದ್ದರಿಂದ ದನವನ್ನೇ ನೋಡಿ. ನಡಿಗೆಯನ್ನು ಅಳೆಯಲು 1ರಿಂದ 5ರವರೆಗೆ ಅಂಕ ಹಾಕುವ ಒಂದು ಕ್ರಮ ಬಳಕೆಯಲ್ಲಿದೆ. ನಿಂತಾಗಲೂ ನಡೆಯುವಾಗಲೂ ಬೆನ್ನು ಸಪಾಟಾಗಿದ್ದರೆ 1. ನಿಂತಾಗ ಸಪಾಟಾಗಿದ್ದು ನಡೆಯುವಾಗ ಕಮಾನಿನಂತೆ ಏರಿದರೆ 2. ನಿಂತಾಗಲೂ ಏರಿಯೇ ಇದ್ದರೆ 3. ಒಂದು ಕಾಲಿಗೆ ಭಾರ ಕೊಡದೆ ಎಚ್ಚರದಿಂದ ಒಂದೊಂದೇ ಹೆಜ್ಜೆ ಇಟ್ಟರೆ 4. ಆ ಕಾಲನ್ನು ಊರಲು ಒಪ್ಪದೇ ಇದ್ದರೆ 5. ಕಾಲಿಗಿಂತ ಮೊದಲು ಬೆನ್ನನ್ನು ನೋಡಬೇಕೆಂಬುದು ಇದರ ಮರ್ಮ. ನಿಮ್ಮ ಹಸು 2 ಅಥವಾ 3ರಲ್ಲಿದ್ದಾಗ ಕಂಡಿದ್ದರೆ ಗೊರಸು ಕೆತ್ತಿಸುವುದರಲ್ಲಿಯೇ ಮುಗಿಯುತ್ತಿತ್ತೇನೋ. ಗಟ್ಟಿಯಾದ ಸಮ ನೆಲದ ಮೇಲೆ ಒಂದೊಂದಾಗಿ ನಡೆಸಿ, ಪಕ್ಕದಿಂದ ನೋಡಿ. ನಿಮ್ಮಲ್ಲಿರುವಷ್ಟು ಹಸುಗಳಿಗೆ ಮಾದರಿ ಆರಿಸುವ ಅಗತ್ಯವಿಲ್ಲ, ಎಲ್ಲವನ್ನೂ ನೋಡಬಹುದು.

ಮಲಗುವುದನ್ನು ನೋಡುವುದು ಇದರಷ್ಟೇ ಮುಖ್ಯ. ಹಾಲು ಕೊಡುವ ಹಸು ದಿನಕ್ಕೆ 10ರಿಂದ 12 ಗಂಟೆ ಮಲಗಬೇಕು. ಮೇವು ತಿಂದು ಮುಗಿದ ಮೇಲೂ ಬಹಳಷ್ಟು ಹಸುಗಳು ಸುಮ್ಮನೆ ನಿಂತೇ ಇದ್ದರೆ, ಅಥವಾ ಮಲಗಲು ಬಗ್ಗಿ ನೆಲವನ್ನು ಮೂಸಿ ಮತ್ತೆ ಎದ್ದು ನಿಲ್ಲುತ್ತಿದ್ದರೆ, ನೆಲ ಅವುಗಳಿಗೆ ಹಿತವಾಗಿಲ್ಲ ಎಂದು ಅರ್ಥ. ನೀವೇ ಆ ನೆಲದ ಮೇಲೆ ಒಮ್ಮೆ ಮೊಣಕಾಲೂರಿ ಕುಸಿದು ಕುಳಿತು ನೋಡಿ. ನಿಮ್ಮ ಮೊಣಕಾಲಿಗೆ ನೋವಾದರೆ ಐನೂರು ಕಿಲೋ ತೂಗುವ ಹಸುವಿಗೆ ಏನಾಗುತ್ತದೆ ಎಂಬುದು ಗೊತ್ತಾಗುತ್ತದೆ. ಹಿಂಗಾಲಿನ ಗಂಟಿನ ಹತ್ತಿರ ಕೂದಲು ಉದುರಿದ ಬೋಳು ಕಲೆ, ಗಾಯ, ಊತ ಇವೆಯೇ ಎಂದು ನೋಡಿದರೂ ಇದೇ ಉತ್ತರ ಸಿಗುತ್ತದೆ. ಎಮ್ಮೆಗಳ ಬಗ್ಗೆ ಒಂದು ಮಾತು: ಅವುಗಳಿಗೆ ಹಸುವಿನಷ್ಟು ಬೆವರು ಗ್ರಂಥಿಗಳಿಲ್ಲ, ಮೈ ಕಪ್ಪು. ಹೀಗಾಗಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ನೆರಳೊಂದೇ ಸಾಲದು, ಮೈಮೇಲೆ ನೀರು ಬೀಳಲೇಬೇಕು. ಮಧ್ಯಾಹ್ನ ಮೂರು ಗಂಟೆಗೆ ಪಕ್ಕೆಯ ಏರಿಳಿತವನ್ನು ಒಂದು ನಿಮಿಷ ಎಣಿಸಿ ಬರೆದಿಟ್ಟರೆ, ‘ನೆರಳು ಇದೆಯೇ’ ಎಂಬ ಪ್ರಶ್ನೆಗಿಂತ ಅದು ನೂರು ಪಾಲು ಉಪಯುಕ್ತ.

ಕೊನೆಯದಾಗಿ, ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ವಿಷಯ. ಪರೀಕ್ಷೆಯ ದಿನ ಕೊಟ್ಟಿಗೆಯಲ್ಲಿ ಇರುವ ದನಗಳನ್ನಷ್ಟೇ ಎಣಿಸಿದರೆ, ಅತಿ ಹೆಚ್ಚು ಕಷ್ಟಪಟ್ಟ ಪ್ರಾಣಿಗಳು ಲೆಕ್ಕದಿಂದಲೇ ತಪ್ಪಿಹೋಗುತ್ತವೆ, ಏಕೆಂದರೆ ಅವು ಆಗಲೇ ಅಲ್ಲಿರುವುದಿಲ್ಲ. ನಗರದ ತಬೇಲಾಗಳಲ್ಲಿ, ಅಂದರೆ ಎಮ್ಮೆ ಕೊಟ್ಟಿಗೆಗಳಲ್ಲಿ, ಈದ ಎಮ್ಮೆಯನ್ನು ತಂದು, ಹಾಲು ಬತ್ತಿದ ಮೇಲೆ ಮಾರುವ ಪದ್ಧತಿ ಬಹಳ ಕಾಲದಿಂದ ಇದೆ. ಕರುವಿಗೆ ಹಾಲು ಬಿಡುವುದು ನಷ್ಟವೆಂದು ಎಷ್ಟೋ ಗಂಡು ಕರುಗಳು ಕೆಲವೇ ವಾರಗಳಲ್ಲಿ ಸಾಯುವುದನ್ನು, ಆಮೇಲೆ ಎಮ್ಮೆ ಸೊರೆ ಬಿಡಲೆಂದು ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ಚುಚ್ಚುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ತಡೆಯಲು ಹೋಗಿ ಸೋತಿದ್ದೇನೆ. ಆದ್ದರಿಂದ ನಿಮ್ಮ ಪುಸ್ತಕದಲ್ಲಿ ಒಂದು ಪುಟವನ್ನು ಹೋದವುಗಳಿಗಾಗಿ ಇಡಿ: ಹುಟ್ಟಿದ ಪ್ರತಿ ಕರುವೂ ಗಂಡೋ ಹೆಣ್ಣೋ, ಮೊದಲ ದಿನ ಗಿಣ್ಣು ಹಾಲು ಎಷ್ಟು ಕುಡಿಯಿತು, ಈಗ ಎಲ್ಲಿದೆ, ಮಾರಿದ ಅಥವಾ ಸತ್ತ ಪ್ರತಿ ಹಸುವೂ ಯಾವ ಕಾರಣಕ್ಕೆ ಹೋಯಿತು. ಆ ಪುಟ ಖಾಲಿ ಇರುವ ಯಾವ ಮೌಲ್ಯಮಾಪನವನ್ನೂ ನಾನು ಪೂರ್ಣವೆಂದು ಒಪ್ಪುವುದಿಲ್ಲ.


ಉತ್ತರ 2 (ಚಾಕಣ, ಪುಣೆ)

ಡಾಕ್ಟರರ ಮಾತಿಗೆ ನನ್ನ ಕೆಲಸದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನಾನು ಗದಗಿನವನು, ಇಲ್ಲಿನ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ವಿಭಾಗದಲ್ಲಿದ್ದೇನೆ. ದನಗಳ ಬಗ್ಗೆ ನನಗೆ ಊರಿನ ಮನೆಯಲ್ಲಿ ಕಂಡಷ್ಟೇ ಗೊತ್ತು. ಆದರೆ ಕಣ್ಣಿನಿಂದ ನೋಡಿ ‘ಸರಿ’ ಅಥವಾ ‘ಸರಿಯಿಲ್ಲ’ ಎಂದು ಹೇಳುವ ತಪಾಸಣೆಯಲ್ಲಿ ಎಲ್ಲಿ ಮೋಸ ಹೋಗುತ್ತೇವೆ ಎಂಬುದು ನಮ್ಮ ದಿನನಿತ್ಯದ ಪ್ರಶ್ನೆ.

ನಮ್ಮಲ್ಲಿ ವಸ್ತುವನ್ನು ಅಳೆಯುವ ಮೊದಲು ಅಳೆಯುವವನನ್ನು ಪರೀಕ್ಷಿಸುತ್ತಾರೆ. ಒಂದೇ ಮೂವತ್ತು ಭಾಗಗಳನ್ನು ಇಬ್ಬರಿಗೆ ಬೇರೆ ಬೇರೆಯಾಗಿ ಕೊಟ್ಟು, ಒಬ್ಬರ ಉತ್ತರ ಇನ್ನೊಬ್ಬರಿಗೆ ಕಾಣದಂತೆ ಬರೆಸಿ, ಆಮೇಲೆ ಹೋಲಿಸುತ್ತಾರೆ. ನಿಮ್ಮಲ್ಲಿಯೂ ಇಬ್ಬರು ಒಂದೇ ದಿನ, ಒಂದೇ ಹೊತ್ತಿನಲ್ಲಿ, ಪರಸ್ಪರ ಮಾತಾಡದೆ ಅಂಕ ಹಾಕಲಿ. ಹೋಲಿಸುವಾಗ ಒಟ್ಟು ಸಂಖ್ಯೆಯನ್ನು ಹೋಲಿಸಬೇಡಿ. ನೀವು ಆರು ಹಸುಗಳು ಕುಂಟುತ್ತವೆ ಎಂದಿರಿ, ಅವರೂ ಆರು ಎಂದರು ಎಂದಿಟ್ಟುಕೊಳ್ಳಿ. ನಿಮ್ಮ ಆರು ಮತ್ತು ಅವರ ಆರು ಬೇರೆ ಬೇರೆ ಹಸುಗಳಾಗಿದ್ದರೆ ನೀವಿಬ್ಬರೂ ಒಪ್ಪಿದ್ದೀರಿ ಎಂದು ಹೇಗೆ ಹೇಳುವುದು? ಕಿವಿಯ ಬಿಲ್ಲೆಯ ಸಂಖ್ಯೆಯ ಪ್ರಕಾರ ಒಂದೊಂದು ಹಸುವನ್ನೂ ಹೋಲಿಸಿ. ಭಿನ್ನಾಭಿಪ್ರಾಯ ಬಂದ ಹಸುವನ್ನು ಇಬ್ಬರೂ ಒಟ್ಟಿಗೆ ನಿಂತು ಮತ್ತೆ ನಡೆಸಿ ನೋಡಿ. ಕಲಿಕೆ ನಡೆಯುವುದು ಆ ಹತ್ತು ನಿಮಿಷಗಳಲ್ಲಿಯೇ.

ಇನ್ನೊಂದು ಉಪಾಯವಿದೆ. ಮೊಬೈಲಿನಲ್ಲಿ ಹತ್ತು ಹದಿನೈದು ಹಸುಗಳ ನಡಿಗೆಯನ್ನು ಚಿತ್ರೀಕರಿಸಿ, ಅಂಕಗಳ ಸಮೇತ ತೆಗೆದಿಡಿ. ಪ್ರತಿ ಸಲ ಕೊಟ್ಟಿಗೆಗೆ ಇಳಿಯುವ ಮುನ್ನ ಅವುಗಳಿಗೆ ಮತ್ತೊಮ್ಮೆ ಅಂಕ ಹಾಕಿ, ಹಳೆಯ ಅಂಕದೊಂದಿಗೆ ತಾಳೆ ನೋಡಿ. ಈ ವರ್ಷ ನೀವು 3 ಎಂದದ್ದನ್ನು ಮುಂದಿನ ವರ್ಷ 2 ಎನ್ನತೊಡಗಿದರೆ, ಹಿಂಡು ಸುಧಾರಿಸಿಲ್ಲ, ನಿಮ್ಮ ಕಣ್ಣು ಜಾರಿದೆ ಎಂಬುದು ಅಲ್ಲಿಯೇ ತಿಳಿಯುತ್ತದೆ.

ಹಿಂಡುವವರ ಹೆದರಿಕೆಯ ಬಗ್ಗೆ ಬರೆದಿದ್ದೀರಿ. ಅದನ್ನು ಮೊದಲು ನಿವಾರಿಸದಿದ್ದರೆ ಮೇಲಿನದೆಲ್ಲ ವ್ಯರ್ಥ. ದೋಷವನ್ನು ತೋರಿಸಿದವನಿಗೇ ದಂಡ ಬೀಳುವ ಕಡೆ ದೋಷಗಳು ಕಾಗದದ ಮೇಲೆ ಬರುವುದೇ ಇಲ್ಲ. ಕುಂಟುವ ಹಸುವನ್ನು ಮೊದಲು ಗುರುತಿಸಿದವರಿಗೆ ಎಲ್ಲರೆದುರು ಧನ್ಯವಾದ ಹೇಳಿ. ಆ ಹಸುವಿಗೆ ಆ ವಾರದಲ್ಲೇ ಚಿಕಿತ್ಸೆಯಾಗುವುದನ್ನು ಅವರು ನೋಡಲಿ. ಹಾಲು ಕೊಳ್ಳುವವರು ಈ ಅಂಕಗಳಿಗೆ ಹಾಲಿನ ದರವನ್ನು ಜೋಡಿಸಿದರೆ ಆ ಪತ್ರವೂ ನಿಜ ಹೇಳದಂತಾಗುತ್ತದೆ. ಈ ಮಾತನ್ನು ಅವರಿಗೆ ನೇರವಾಗಿಯೇ ಹೇಳಬೇಕೆಂದು ನನ್ನ ಅಭಿಪ್ರಾಯ.


ಉತ್ತರ 3 (ಕೋಥ್ರೂಡ್, ಪುಣೆ)

ಬೇರೆ ದೇಶದಲ್ಲಿ ಇದು ಹೇಗಿದೆ ಎಂಬುದನ್ನು ಚಿಕ್ಕದಾಗಿ ಹೇಳುತ್ತೇನೆ. ಕೃಷಿ ಯಂತ್ರಗಳ ಕೆಲಸದ ಮೇಲೆ ಕೆಲವು ವರ್ಷ ಜರ್ಮನಿಯಲ್ಲಿದ್ದೆ. ಅಲ್ಲಿನ ಪ್ರಾಣಿ ಸಂರಕ್ಷಣಾ ಕಾಯ್ದೆಯ 11ನೆಯ ವಿಧಿಯ 8ನೆಯ ಉಪವಿಧಿಯ ಪ್ರಕಾರ, 2014ರ ಫೆಬ್ರುವರಿಯಿಂದ ವ್ಯಾಪಾರಕ್ಕಾಗಿ ಜಾನುವಾರು ಸಾಕುವ ಪ್ರತಿಯೊಬ್ಬರೂ ತಮ್ಮ ಪ್ರಾಣಿಗಳ ಸ್ಥಿತಿಯನ್ನು ತಾವೇ ಪರೀಕ್ಷಿಸಿಕೊಳ್ಳಬೇಕು, ಅದಕ್ಕಾಗಿ ಪ್ರಾಣಿಯ ಮೈಮೇಲೆ ಮತ್ತು ನಡವಳಿಕೆಯಲ್ಲಿ ಕಾಣುವ ಸೂಚಕಗಳನ್ನು ದಾಖಲಿಸಿ ತೂಗಿ ನೋಡಬೇಕು. ಯಾವ ಸೂಚಕ, ಎಷ್ಟು ದಿನಕ್ಕೊಮ್ಮೆ, ಹೇಗೆ ಎಂಬುದನ್ನು ಕಾಯ್ದೆ ಹೇಳಿರಲಿಲ್ಲ. ರೈತರು ತೊಡಕಿಗೆ ಸಿಕ್ಕಿದ್ದು ಅಲ್ಲಿಯೇ. ಆ ಕೊರತೆಯನ್ನು ತುಂಬಲು ಡಾರ್ಮ್‌ಸ್ಟಾಟ್ ನಗರದ ಕೆಟಿಬಿಎಲ್ ಎಂಬ ಕೃಷಿ ತಂತ್ರಜ್ಞಾನ ಸಂಸ್ಥೆ 2016ರಲ್ಲಿ ದನ, ಹಂದಿ ಮತ್ತು ಕೋಳಿಗಳಿಗೆ ಪ್ರತ್ಯೇಕ ಕೈಪಿಡಿಗಳನ್ನು ಹೊರತಂದಿತು. ಅದಕ್ಕೂ ಮುಂಚೆ, 2004ರಿಂದ 2009ರವರೆಗೆ ನಡೆದ ‘ವೆಲ್‌ಫೇರ್ ಕ್ವಾಲಿಟಿ’ ಎಂಬ ಯುರೋಪಿನ ಯೋಜನೆ ಒಳ್ಳೆಯ ಆಹಾರ, ಒಳ್ಳೆಯ ವಸತಿ, ಒಳ್ಳೆಯ ಆರೋಗ್ಯ, ಸಹಜ ನಡವಳಿಕೆ ಎಂಬ ನಾಲ್ಕು ತತ್ವಗಳ ಕೆಳಗೆ 12 ಮಾನದಂಡಗಳನ್ನು ಇಟ್ಟುಕೊಂಡಿತ್ತು. ಆದರೆ ಅದರ ಪೂರ್ಣ ತಪಾಸಣೆಗೆ ತರಬೇತಿ ಪಡೆದವರೇ ಬೇಕು ಮತ್ತು ಗಂಟೆಗಟ್ಟಲೆ ಹೊತ್ತು ಬೇಕು; ದುಡಿಯುವ ರೈತನಿಗೆ ಅದು ಭಾರ.

ನಮ್ಮಲ್ಲಿ ಅಂಥ ಸ್ವಯಂ ತಪಾಸಣೆಯ ವಿಧಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಇಲ್ಲ. ಆದರೂ ಅದರ 3ನೆಯ ಸೆಕ್ಷನ್, ಪ್ರಾಣಿಯನ್ನು ನೋಡಿಕೊಳ್ಳುವ ಪ್ರತಿಯೊಬ್ಬರೂ ಅದರ ಯೋಗಕ್ಷೇಮಕ್ಕೆ ಬೇಕಾದ ಎಲ್ಲ ಯುಕ್ತ ಕ್ರಮಗಳನ್ನು ಕೈಗೊಳ್ಳಬೇಕು, ಅನಗತ್ಯ ನೋವನ್ನು ತಡೆಯಬೇಕು ಎಂಬ ಕರ್ತವ್ಯವನ್ನು ಸ್ಪಷ್ಟವಾಗಿ ಹೊರಿಸುತ್ತದೆ. ಹಸಿವು ಬಾಯಾರಿಕೆಗಳಿಂದ, ನೋವು ಕಾಯಿಲೆಗಳಿಂದ, ಭಯದಿಂದ ಬಿಡುಗಡೆ ಮುಂತಾದ ‘ಐದು ಸ್ವಾತಂತ್ರ್ಯ’ಗಳನ್ನು ಈ ಸೆಕ್ಷನ್ನಿನೊಂದಿಗೆ ಸೇರಿಸಿ ಓದಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಜಲ್ಲಿಕಟ್ಟು ಪ್ರಕರಣದ ತೀರ್ಪಿನಲ್ಲಿ ಹೇಳಿದೆ. ತನ್ನ ದನಕ್ಕೆ ನೋವಿದೆಯೇ ಎಂದು ನೋಡದವನು ನೋವನ್ನು ತಡೆಯುವುದಾದರೂ ಹೇಗೆ? ನೀವು ಮಾಡಹೊರಟಿರುವುದು ಆ ಕರ್ತವ್ಯದ ಮೊದಲ ಅರ್ಧ ಎಂದೇ ನಾನು ತಿಳಿಯುತ್ತೇನೆ.


ಉತ್ತರ 4 (ಫೋಂಡಾ, ಗೋವಾ)

ನಾನು ಹಳಿಯಾಳದ ಮಗಳು, ಫೋಂಡಾದ ಸೊಸೆ. ನಮ್ಮಲ್ಲಿರುವುದು ಆರು ಹಸುಗಳು ಮಾತ್ರ. ಹಾಲನ್ನು ಸೊಸೈಟಿಗೆ ಹಾಕುತ್ತೇವೆ. ಆರು ಹಸುಗಳಿಗೆ ನಲವತ್ತು ಪ್ರಶ್ನೆಗಳ ಪತ್ರ ಬೇಕಿಲ್ಲ, ಒಂದು ನೂರು ಪುಟದ ನೋಟ್‌ಬುಕ್ ಸಾಕು ಎಂಬುದು ನನ್ನ ಅನುಭವ. ಎರಡು ಸಂಗತಿಗಳನ್ನು ಹೇಳಬೇಕೆನಿಸಿತು.

ಮೊದಲನೆಯದು ಋತುವಿನದು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ಒಣಗುವುದೇ ಇಲ್ಲ. ಗೊರಸು ನೆನೆದು ಮೆತ್ತಗಾಗುತ್ತದೆ, ಕಾಲ ಸಂದಿಯಲ್ಲಿ ಹುಣ್ಣಾಗುತ್ತದೆ, ಕೆಚ್ಚಲಿಗೆ ಸಗಣಿ ಮೆತ್ತಿಕೊಂಡು ಕೆಚ್ಚಲು ಬಾವು ಬರುತ್ತದೆ. ಫೆಬ್ರುವರಿಯಲ್ಲಿ ನೋಡಿದವರು ನಮ್ಮ ಕೊಟ್ಟಿಗೆಯನ್ನು ಮಾದರಿ ಎಂದು ಹೊಗಳಿ ಹೋಗಬಹುದು. ಆಗಸ್ಟಿನಲ್ಲಿ ಬಂದರೆ ಬೇರೆಯೇ ಕೊಟ್ಟಿಗೆ ಕಾಣುತ್ತದೆ. ಆದ್ದರಿಂದ ವರ್ಷದ ಅತಿ ಕಷ್ಟದ ಎರಡು ಹೊತ್ತನ್ನು ತಪ್ಪದೆ ಆರಿಸಿಕೊಳ್ಳಿ, ಬಿಸಿಲಿನ ನಡುವೆ ಒಮ್ಮೆ, ಮಳೆಯ ನಡುವೆ ಒಮ್ಮೆ. ಈ ವರ್ಷದ ಆಗಸ್ಟನ್ನು ಹೋದ ವರ್ಷದ ಆಗಸ್ಟಿನೊಂದಿಗೇ ಹೋಲಿಸಿ, ಫೆಬ್ರುವರಿಯೊಂದಿಗೆ ಹೋಲಿಸಬೇಡಿ.

ಎರಡನೆಯದು ಭಯದ್ದು. ನಮ್ಮನ್ನು ಭೇಟಿಯಾದ ಪಶುವೈದ್ಯೆಯೊಬ್ಬರು ಒಂದು ಸರಳ ಪರೀಕ್ಷೆಯನ್ನು ಕಲಿಸಿಕೊಟ್ಟರು. ಹಸು ಗೋದಲಿಯಲ್ಲಿ ಮೇಯುವಾಗ ಎರಡು ಮೀಟರ್ ದೂರದಲ್ಲಿ ಎದುರಿಗೆ ನಿಂತು, ಕೈಯನ್ನು ಮುಂದೆ ಚಾಚಿ, ಸೆಕೆಂಡಿಗೆ ಒಂದು ಹೆಜ್ಜೆಯಂತೆ ನಿಧಾನವಾಗಿ ಹತ್ತಿರ ಹೋಗಬೇಕು. ಅದು ತಲೆಯನ್ನು ಹಿಂದೆಳೆದಾಗ ಕೈಗೂ ಮೂತಿಗೂ ಎಷ್ಟು ಅಂತರವಿತ್ತು ಎಂದು ಬರೆಯಬೇಕು. ಮುಟ್ಟಿಸಿಕೊಳ್ಳುತ್ತಿದ್ದ ನನ್ನ ಹಸುಗಳಲ್ಲಿ ನಾಲ್ಕು ಒಂದು ವರ್ಷ ಇದ್ದಕ್ಕಿದ್ದಂತೆ ಒಂದು ಮೀಟರ್ ದೂರದಲ್ಲಿಯೇ ಹಿಂಜರಿದವು. ನಾನು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಹೊಸದಾಗಿ ಬಂದಿದ್ದ ಆಳು ಅವುಗಳನ್ನು ಹೊಡೆಯುತ್ತಿದ್ದನೆಂಬುದು ಆಗ ಬೆಳಕಿಗೆ ಬಂತು. ಯಾವ ಗೋಡೆಯೂ ಯಾವ ತೊಟ್ಟಿಯೂ ಅದನ್ನು ನನಗೆ ಹೇಳುತ್ತಿರಲಿಲ್ಲ, ಹಸುಗಳೇ ಹೇಳಿದವು.


ಪ್ರಶ್ನೆ ಕೇಳಿದವರಿಂದ, ಎರಡು ತಿಂಗಳ ನಂತರ (ಶಿರೂರು ತಾಲ್ಲೂಕು)

ಎಲ್ಲರಿಗೂ ಕೃತಜ್ಞನಾಗಿದ್ದೇನೆ. ನೀವು ಹೇಳಿದಂತೆ ಮಾಡಿದ್ದನ್ನು ತಿಳಿಸುವುದು ನನ್ನ ಕರ್ತವ್ಯ.

ಹಾಲು ಹಿಂಡುವವರಲ್ಲಿ ಹಿರಿಯರಾದ ಒಬ್ಬ ತಾಯಿಯನ್ನು ಎರಡನೆಯ ಪರೀಕ್ಷಕಿಯಾಗಲು ಕೇಳಿಕೊಂಡೆ. ಅವರಿಗೆ ಓದು ಬರಹ ಬರುವುದಿಲ್ಲವಾದ್ದರಿಂದ ಬಿಲ್ಲೆಯ ಸಂಖ್ಯೆಯ ಪಕ್ಕದಲ್ಲಿ ಅವರು ಹೇಳಿದ ಅಂಕವನ್ನು ನನ್ನ ಮಗಳು ಬರೆದಳು. ನಾನು ಇನ್ನೊಂದು ತುದಿಯಲ್ಲಿ ನಿಂತು ಬೇರೆಯಾಗಿ ಬರೆದೆ. 46 ಹಸುಗಳಲ್ಲಿ 3 ಅಥವಾ ಅದಕ್ಕಿಂತ ಹೆಚ್ಚಿನ ಅಂಕವನ್ನು ನಾನು ಕೊಟ್ಟದ್ದು 4ಕ್ಕೆ, ಅವರು ಕೊಟ್ಟದ್ದು 11ಕ್ಕೆ. ಭಿನ್ನಾಭಿಪ್ರಾಯ ಬಂದ ಹಸುಗಳನ್ನು ಮತ್ತೆ ನಡೆಸಿ ನೋಡಿದಾಗ ಎರಡರಲ್ಲಿ ಮಾತ್ರ ನನ್ನ ಅಂಕ ಸರಿಯಿತ್ತು. ಇಷ್ಟು ದಿನ ಇದು ನಿಮಗೆ ಗೊತ್ತಿತ್ತೇ ಎಂದು ಕೇಳಿದಾಗ ಅವರು, “ಕಾಲು ನೋಯೋ ದನಾ ಸಾಲಿನ್ಯಾಗ ಯಾವತ್ತೂ ಹಿಂದ ಉಳೀತಾವರಿ, ನೀವು ಮುಂದಿನವನ್ನ ನೋಡಿ ಹೋಗತೀರಿ” ಎಂದರು. ನನ್ನ ಆ ಹಸುವೂ ಕಳೆದ ದೀಪಾವಳಿಯಿಂದಲೇ ಸಾಲಿನ ಕೊನೆಯಲ್ಲಿ ಬರುತ್ತಿತ್ತಂತೆ. ಈಗ ಪ್ರತಿ ಭಾನುವಾರ ಕೊನೆಯ ಹತ್ತು ಹಸುಗಳ ಬಿಲ್ಲೆ ಸಂಖ್ಯೆಯನ್ನು ಬರೆದಿಡುತ್ತಿದ್ದೇವೆ. ಗೊರಸು ಕೆತ್ತುವವರನ್ನು ಕರೆಸಿ, ಕುಂಟುತ್ತಿವೆ ಎಂದು ಕೊನೆಗೆ ಖಚಿತವಾದ ಒಂಬತ್ತಕ್ಕೂ ಚಿಕಿತ್ಸೆ ಮಾಡಿಸಿದ್ದಾಯಿತು. ಹಾಲು ಹಿಂಡುವ ಜಾಗದ ಮುಂದಿನ ಒರಟು ಕಾಂಕ್ರೀಟಿಗೆ ರಬ್ಬರ್ ಹಾಸು ಹಾಕಿಸಿದ್ದೇವೆ. ಬಿದ್ದ ಹಸುವೂ ಎದ್ದು ನಡೆಯುತ್ತಿದೆ, ಆದರೆ ಇನ್ನೂ 3ರಲ್ಲಿಯೇ ಇದೆ.

ಹಾಲು ಕೊಳ್ಳುವವರಿಗೆ ಈ ಸಲ ಕುಂಟುವ ದನಗಳ ಸಂಖ್ಯೆಯನ್ನು ಇದ್ದಂತೆಯೇ ಬರೆದುಕೊಟ್ಟು, ಇದಕ್ಕೆ ದರವನ್ನು ಜೋಡಿಸಬೇಡಿರೆಂದು ಕೋರಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ಡಾಕ್ಟರರೇ, ನೀವು ಹೇಳಿದ ಪುಟವನ್ನೂ ತೆರೆದೆ. ಕಳೆದ ಹನ್ನೆರಡು ತಿಂಗಳಲ್ಲಿ ನಮ್ಮಲ್ಲಿ 19 ಗಂಡು ಕರುಗಳು ಹುಟ್ಟಿದ್ದವು. ಅವುಗಳಲ್ಲಿ 5 ಇಲ್ಲಿಯೇ ಇವೆ, 3 ಸತ್ತದ್ದು ನನಗೆ ನೆನಪಿದೆ. ಉಳಿದ 11 ಕರುಗಳ ಮುಂದೆ ಏನು ಬರೆಯಬೇಕೆಂಬುದು ನನಗೆ ತಿಳಿಯಲಿಲ್ಲ. ಒಯ್ದವರು ಸಾಕುತ್ತೇವೆಂದು ಹೇಳಿ ಒಯ್ದಿದ್ದರು, ನಾನು ಮತ್ತೆ ವಿಚಾರಿಸಿರಲಿಲ್ಲ. ಮುಂದಿನ ವಾರ ಮಂಚರ್ ಮತ್ತು ರಾಜಗುರುನಗರದ ಕಡೆ ಹೋಗಿ, ಸಿಕ್ಕಷ್ಟು ಮನೆಗಳಲ್ಲಿ ವಿಚಾರಿಸಿ ಬಂದು ಆ ಜಾಗವನ್ನು ತುಂಬುತ್ತೇನೆ.